ಅಂಗೈಯಗಲದ ಬ್ಯಾಟರಿ: ಡಬ್ಬಿಯ ಮೇಲಿನ ಲೆಕ್ಕ, ಸಂಕದ ಮೇಲಿನ ಬೆಳಕು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಟಾರ್ಚ್ ಎಂಬ ಮಾತು ಅಪರೂಪ. ಅದು ‘ಬ್ಯಾಟ್ರಿ’, ಅದರೊಳಗೆ ಹಾಕುವುದು ‘ಸೆಲ್ಲು’. ಮೂರು ಸೆಲ್ಲಿನ ಉದ್ದನೆಯ ಬ್ಯಾಟ್ರಿ ಅಪ್ಪಯ್ಯನ ತಲೆದಿಂಬಿನ ಪಕ್ಕ ಇರುತ್ತಿತ್ತು, ನಾವು ಮುಟ್ಟುವ ಹಾಗಿರಲಿಲ್ಲ. ಈಗ ಅಂಗೈಯಲ್ಲಿ ಅಡಗುವ ಎಲ್‌ಇಡಿ ಬ್ಯಾಟರಿಗಳು ಮನೆಗೆ ಮೂರು ನಾಲ್ಕಿವೆ. ನೋಡಲು ಎಲ್ಲವೂ ಒಂದೇ ಥರ: ಕಪ್ಪು ಅಲ್ಯೂಮಿನಿಯಂ ಮೈ, ಹಿಂದೊಂದು ರಬ್ಬರ್ ಗುಂಡಿ, ಕಿಸೆಗೆ ಸಿಕ್ಕಿಸುವ ಕೊಕ್ಕೆ. ಬೆಲೆ ಮಾತ್ರ ಇನ್ನೂರರಿಂದ ಎರಡು ಸಾವಿರದವರೆಗೆ.

ನಮ್ಮಲ್ಲಿ ಇದು ಶೋಕಿಯ ವಸ್ತುವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಕಣಿವೆಯ ಊರುಗಳು ಮುಳುಗಿದವು. ವಾರಾಹಿಯ ಮಾಣಿ ಅಣೆಕಟ್ಟೆ, ಚಕ್ರಾ, ಸಾವೆಹಕ್ಲು ಇರುವುದೂ ಹೊಸನಗರ ತಾಲ್ಲೂಕಿನಲ್ಲೇ. ನಾಡಿಗೆಲ್ಲ ಕರೆಂಟು ಕೊಟ್ಟ ಈ ನೆಲದಲ್ಲಿ ಆರಿದ್ರಾ ಮಳೆಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ಮೂರು ದಿನ ಕತ್ತಲೆ. ಬೇಸಿಗೆಯಲ್ಲಿ ತ್ರೀಫೇಸ್ ರಾತ್ರಿ ಬಂತೆಂದರೆ ರಾತ್ರಿಯೇ ತೋಟಕ್ಕಿಳಿದು ಮೋಟರ್ ಹಾಕಬೇಕು. ದರೆ ಇಳಿದು, ಹಳ್ಳದ ಮೇಲಿನ ಸಂಕ ದಾಟಿ, ತೋಟದ ಬಸಿಗಾಲುವೆ ‘ಕಪ್ಪಿ’ನ ಅಂಚಿನಲ್ಲಿ ಹೆಜ್ಜೆ ಇಡುವವರಿಗೆ ಕೈಯ ಬೆಳಕು ಕಾಲಿನ ಮೆಟ್ಟಿನಷ್ಟೇ ಅಗತ್ಯ.

ಕಳೆದ ಮಳೆಗಾಲದಲ್ಲಿ ಒಂದೇ ಗಾತ್ರದ ಎರಡು ಬ್ಯಾಟರಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಒಂದು ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಕೊಂಡದ್ದು, ಡಬ್ಬಿಯ ಮೇಲೆ 10,000 ಲ್ಯುಮೆನ್ ಎಂದಿತ್ತು. ಇನ್ನೊಂದು ಸಾಗರದ ಪೇಟೆಯದು, 600 ಎಂದಷ್ಟೇ ಬರೆದಿತ್ತು. ಮನೆಗೆ ಬಂದವರೆಲ್ಲ ಮೊದಲನೆಯದನ್ನೇ ಕೈಗೆತ್ತಿಕೊಂಡರು. ಅವರು ಆಡಿದ ಮಾತುಗಳಲ್ಲಿ ಹೆಚ್ಚಿನವು ನಾನೂ ಬಹಳ ಕಾಲ ನಂಬಿದ್ದವೇ.

ತಪ್ಪು ಕಲ್ಪನೆ: ಲ್ಯುಮೆನ್ ಹೆಚ್ಚಿದ್ದಷ್ಟೂ ಒಳ್ಳೆಯ ಬ್ಯಾಟರಿ.

ವಾಸ್ತವ: ಬ್ಯಾಟರಿಯ ಬಾಯಿಂದ ಹೊರಬರುವ ಒಟ್ಟು ಬೆಳಕಿನ ಅಳತೆಯೇ ಲ್ಯುಮೆನ್. ಮೂರು ಸೆಲ್ಲಿನ ಹಳೆಯ ಬಲ್ಬು ಕೊಡುತ್ತಿದ್ದುದು ಐವತ್ತರ ಒಳಗೆ. ಅಷ್ಟರಲ್ಲೇ ನಮ್ಮ ಹಿರಿಯರು ಕಾನು ದಾಟಿ ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಮನೆ ಸೇರುತ್ತಿದ್ದರು.

ಡಬ್ಬಿಯ ಮೇಲಿನ ಸಂಖ್ಯೆ ನಿಜವೇ ಎಂದು ತಿಳಿಯಲು ಯಂತ್ರ ಬೇಡ, ಗುಣಾಕಾರ ಸಾಕು. ಇಂಥ ಬ್ಯಾಟರಿಗಳಲ್ಲಿ ಇರುವುದು ಸಾಮಾನ್ಯವಾಗಿ 18650 ಎಂಬ ಲಿಥಿಯಂ ಸೆಲ್ಲು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅದು ಉರುಟು ಎಂಬುದರ ಗುರುತು. ಒಳ್ಳೆಯ ಸೆಲ್ಲಿನಲ್ಲಿ 3,000 ಎಂಎಎಚ್ ಇದ್ದು ವೋಲ್ಟೇಜು 3.7 ಆದರೆ, ಗುಣಿಸಿದಾಗ ಬರುವುದು ಸುಮಾರು 11 ವಾಟ್-ಗಂಟೆಯ ಶಕ್ತಿ. ಎಲ್‌ಇಡಿ, ಅದರ ಸರ್ಕ್ಯೂಟು, ಮುಂದಿನ ಗಾಜು ಎಲ್ಲದರ ನಷ್ಟ ಕಳೆದು ಒಂದು ವಾಟಿಗೆ 100 ಲ್ಯುಮೆನ್ ಸಿಕ್ಕರೆ ಒಳ್ಳೆಯದೇ. ಅಂದರೆ ಒಂದು ಸೆಲ್ಲು 1,000 ಲ್ಯುಮೆನ್ ಬೆಳಕನ್ನು ಒಂದು ಗಂಟೆ ಕೊಟ್ಟೀತು, 100 ಲ್ಯುಮೆನ್ ಆದರೆ ಹನ್ನೊಂದು ಗಂಟೆ. ‘10,000 ಲ್ಯುಮೆನ್, 8 ಗಂಟೆ’ ಎಂಬುದು ನಿಜವಾಗಬೇಕಾದರೆ ಅಂಥ ಎಪ್ಪತ್ತಕ್ಕೂ ಹೆಚ್ಚು ಸೆಲ್ಲು ಬೇಕು. ಬರೀ ಸೆಲ್ಲುಗಳ ತೂಕವೇ ಮೂರು ಕಿಲೋ ದಾಟುತ್ತದೆ. ಅಂಗೈಯ ಬ್ಯಾಟರಿಯಲ್ಲಿ ಇರುವುದು ಒಂದೇ.

ಕಣ್ಣಿನ ಸ್ವಭಾವವೂ ಲೆಕ್ಕಕ್ಕೆ ಬರಬೇಕು. ಬೆಳಕು ಎರಡು ಪಟ್ಟು ಜೋರಾದಂತೆ ಕಣ್ಣಿಗೆ ಅನಿಸಲು ಲ್ಯುಮೆನ್ ಸುಮಾರು ನಾಲ್ಕು ಪಟ್ಟು ಆಗಬೇಕು. 600ಕ್ಕೂ 800ಕ್ಕೂ ಇರುವ ವ್ಯತ್ಯಾಸ ಅಂಗಳದಲ್ಲಿ ನಿಂತರೆ ಗೊತ್ತೇ ಆಗುವುದಿಲ್ಲ. ಅದಕ್ಕಾಗಿ ಮುನ್ನೂರು ರೂಪಾಯಿ ಹೆಚ್ಚು ಕೊಡಬೇಕಿಲ್ಲ.

ತಪ್ಪು ಕಲ್ಪನೆ: ಅಂಗಡಿಯಲ್ಲಿ ಹಾಕಿದ ಕೂಡಲೇ ಯಾವುದು ಜೋರೋ ಅದೇ ಗಟ್ಟಿ.

ವಾಸ್ತವ: ಅಂಗಡಿಯಲ್ಲಿ ಕಾಣುವುದು ಮೊದಲ ಹತ್ತು ಸೆಕೆಂಡು. ನಮಗೆ ಬೇಕಾದದ್ದು ಹದಿನೈದನೇ ನಿಮಿಷದ ಬೆಳಕು.

ಅಮೆರಿಕದಲ್ಲಿ 2009ರಲ್ಲಿ ಎಫ್‌ಎಲ್1 ಎಂಬ ಮಾನದಂಡ ಬಂತು. ಒಳ್ಳೆಯ ಕಂಪನಿಗಳು ಡಬ್ಬಿಯ ಮೇಲೆ ಹಾಕುವ ಚಿಕ್ಕ ಚಿಕ್ಕ ಚಿತ್ರಗಳು ಅದರವೇ. ಅದರ ಪ್ರಕಾರ ಲ್ಯುಮೆನ್ ಅಳೆಯುವುದು ಬ್ಯಾಟರಿ ಹೊತ್ತಿಸಿದ ಮೂವತ್ತು ಸೆಕೆಂಡಿನಿಂದ ಎರಡು ನಿಮಿಷದ ಒಳಗೆ. ಎಷ್ಟು ಗಂಟೆ ಉರಿಯುತ್ತದೆ ಎಂಬ ಲೆಕ್ಕವನ್ನು ಬೆಳಕು ಮೊದಲಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೆ ಹಿಡಿಯುತ್ತಾರೆ. ಹಾಗಾಗಿ ‘1,000 ಲ್ಯುಮೆನ್, 5 ಗಂಟೆ’ ಎಂದು ಪ್ರಾಮಾಣಿಕವಾಗಿ ಬರೆದಿದ್ದರೂ ಐದು ಗಂಟೆಯೂ 1,000 ಲ್ಯುಮೆನ್ ಇರುತ್ತದೆ ಎಂದು ಅರ್ಥವಲ್ಲ. ನಾಲ್ಕೂವರೆ ಗಂಟೆ ನೂರಿನ್ನೂರರಲ್ಲಿ ಕಳೆದಿರಬಹುದು.

ಪುನರ್ವಸು ಮಳೆಯ ಒಂದು ರಾತ್ರಿ ಜಗಲಿಯ ಸುಣ್ಣದ ಗೋಡೆಗೆ ಎರಡನ್ನೂ ಹಿಡಿದು ನಿಲ್ಲಿಸಿದೆ. ಜಾತ್ರೆಯದು ಮೊದಲು ಗೋಡೆ ತುಂಬಿತು, ಸಾಗರದ್ದಕ್ಕಿಂತ ಸ್ವಲ್ಪ ಹೆಚ್ಚೇ ಎನ್ನಬಹುದು. ಹತ್ತು ನಿಮಿಷಕ್ಕೆ ಅದರ ತಲೆ ಮುಟ್ಟಲಾರದಷ್ಟು ಬಿಸಿಯಾಯಿತು, ಬೆಳಕು ಸಣ್ಣಗೆ ಇಳಿಯುತ್ತ ಹೋಯಿತು. ಅರ್ಧ ಗಂಟೆಗೆ ಗೋಡೆಯ ಮೇಲೆ ತಟ್ಟೆಯಗಲದ ಮಬ್ಬು ಉಳಿಯಿತು. ಸಾಗರದ್ದು ಮೂರನೇ ನಿಮಿಷದಲ್ಲಿ ತಾನೇ ಒಂದು ಮೆಟ್ಟಿಲು ಇಳಿಯಿತು. ಅಲ್ಲಿಂದ ಎರಡು ಗಂಟೆ ಅಲುಗಲಿಲ್ಲ.

ಹೀಗೆ ಒಂದು ಮೆಟ್ಟಿಲು ಇಳಿಯುವುದನ್ನು ಕೆಟ್ಟುಹೋಯಿತು ಎಂದುಕೊಂಡು ಅಂಗಡಿಗೆ ವಾಪಸ್ ಒಯ್ದವರನ್ನು ಬಲ್ಲೆ. ಅದು ಕೆಟ್ಟದ್ದಲ್ಲ. ಅಂಗೈಯಗಲದ ಲೋಹಕ್ಕೆ ಅಷ್ಟು ಶಾಖವನ್ನು ಗಾಳಿಗೆ ಬಿಡುವ ಶಕ್ತಿ ಇಲ್ಲ. ಎಲ್‌ಇಡಿಯೂ ಸೆಲ್ಲೂ ಸುಡದಿರಲಿ ಎಂದು ಒಳಗಿನ ಸರ್ಕ್ಯೂಟು ತಾನಾಗಿ ಬೆಳಕು ತಗ್ಗಿಸುತ್ತದೆ. ತಗ್ಗಿಸುವ ವ್ಯವಸ್ಥೆ ಇಲ್ಲದೆ ಬಿಸಿಯಾಗುತ್ತಲೇ ಹೋಗುವ ಬ್ಯಾಟರಿಗೆ ಹೆದರಬೇಕು.

ತಪ್ಪು ಕಲ್ಪನೆ: ದೂರ ಹೋಗುವ ಬೆಳಕೇ ಬೆಳಕು.

ವಾಸ್ತವ: ಗದ್ದೆಯ ಮಾಳದಲ್ಲಿ ಕೂತು ಹಂದಿ ಕಾಯುವವರಿಗೆ ಇದು ನಿಜ. ಗದ್ದೆಯ ಆಚೆ ಅಂಚಿನಲ್ಲಿ ಕಾಡುಕೋಣ ನಿಂತಿದೆಯೇ ಎಂದು ನೋಡಲೂ ಉದ್ದನೆಯ ಕೋಲಿನಂಥ ಬೆಳಕೇ ಬೇಕು. ಆದರೆ ನಾವು ವರ್ಷದ ಮುನ್ನೂರು ರಾತ್ರಿ ಬ್ಯಾಟರಿ ಹಿಡಿಯುವುದು ಕೊಟ್ಟಿಗೆಗೆ, ತೋಟಕ್ಕೆ, ನೆರೆಮನೆಗೆ. ಅಲ್ಲಿ ಕಾಣಬೇಕಾದದ್ದು ಐದಾರು ಮಾರಿನ ಒಳಗಿನ ನೆಲ, ಎಡಬಲದ ಹುಲ್ಲು.

ಡಬ್ಬಿಯಲ್ಲಿ ‘300 ಮೀಟರ್’ ಎಂದಿದ್ದರೆ ಅದರ ಅರ್ಥ ಹೀಗೆ: ಮುನ್ನೂರು ಮೀಟರ್ ದೂರದಲ್ಲಿ ಬೀಳುವ ಬೆಳಕು ಹುಣ್ಣಿಮೆಯ ಬೆಳದಿಂಗಳಷ್ಟು, ಅಂದರೆ ಕಾಲು ಲಕ್ಸ್. ಅಷ್ಟು ದೂರದಲ್ಲಿರುವುದು ಎಮ್ಮೆಯೋ ಕಾಡುಕೋಣವೋ ಎಂದು ಗುರುತಿಸುವಷ್ಟು ಬೆಳಕು ಅದಲ್ಲ. ಚೆನ್ನಾಗಿ ಕಾಣುವ ದೂರ ಅದರ ಮೂರರಲ್ಲಿ ಒಂದು ಪಾಲು ಎಂದು ಹಿಡಿದರೆ ಮೋಸವಾಗುವುದಿಲ್ಲ.

ತೋಟದ ದಾರಿಯ ಸಂಕದ ಮೇಲೂ ಎರಡನ್ನೂ ಬಿಟ್ಟು ನೋಡಿದೆ. ಜಾತ್ರೆಯ ಬ್ಯಾಟರಿಯ ಬೆಳಕು ಅದರ ನಡುವೆ ಬಿಳಿ ಉಂಡೆಯಾಗಿ ಬಿತ್ತು. ಸಂಕಕ್ಕೆ ಹಾಕಿದ ಅಡಿಕೆ ಮರದ ಎರಡು ದಬ್ಬೆಗಳ ಮಧ್ಯಭಾಗ ಕಣ್ಣು ಕೋರೈಸುವಷ್ಟು ಬೆಳಗಿತು. ದಬ್ಬೆಯ ಅಂಚು, ಪಾಚಿ ಕಟ್ಟಿದ ಜಾಗ, ಕೆಳಗಿನ ಹಳ್ಳದ ನೀರು ಯಾವುದೂ ಕಾಣಲಿಲ್ಲ. ಸಾಗರದ್ದರಲ್ಲಿ ನಡುವಿನ ಬೆಳಕು ಮೆದುವಾಗಿ ಸುತ್ತ ಹರಡಿತ್ತು, ಎರಡೂ ಅಂಚು ಕಂಡವು. ಕಾಲು ಜಾರುವುದು ಅಂಚಿನಲ್ಲಿ. ಬ್ಯಾಟರಿ ಕೊಳ್ಳುವಾಗ ಗೋಡೆಗೆ ಹಿಡಿದು ನೋಡಿದರೆ ಈ ಗುಣ ಒಂದೇ ನೋಟಕ್ಕೆ ತಿಳಿಯುತ್ತದೆ: ನಡುವಿನ ಹೊಳಪಿನ ಸುತ್ತ ಅಗಲವಾದ ಮಂದ ಬೆಳಕಿನ ವಲಯ ಇರಬೇಕು.

ತಪ್ಪು ಕಲ್ಪನೆ: ಝೂಮ್ ಇದ್ದರೆ ಎರಡು ಕೆಲಸವೂ ಆಯಿತು.

ವಾಸ್ತವ: ತಲೆಯನ್ನು ಮುಂದಕ್ಕೆಳೆದು ಬೆಳಕನ್ನು ಕೂಡಿಸುವಾಗ ಮಸೂರದ ಬದಿಗೆ ಹೋದ ಬೆಳಕು ಒಳಗೇ ವ್ಯರ್ಥವಾಗುತ್ತದೆ. ಹಿಂದಕ್ಕೆ ತಳ್ಳಿದರೆ ಚೂರಿಯಿಂದ ಕತ್ತರಿಸಿದಂಥ ಒಂದು ವೃತ್ತ, ಅದರಾಚೆ ಕಗ್ಗತ್ತಲೆ. ನಮ್ಮ ಮಳೆಗೆ ಇನ್ನೊಂದು ತೊಂದರೆ ಇದೆ. ಜಾರುವ ತಲೆ ಸೈಕಲ್ ಪಂಪಿನ ಹಾಗೆ ಹೊರಗಿನ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಆಷಾಢ ಮುಗಿಯುವುದರೊಳಗೆ ಗಾಜಿನ ಒಳಮೈ ಮಂಜಾಗುತ್ತದೆ.

ತಪ್ಪು ಕಲ್ಪನೆ: ಮಂಜಿಗೆ ಹಳದಿ ಬೆಳಕೇ ಆಗಬೇಕು.

ವಾಸ್ತವ: ಆಗುಂಬೆ ಘಾಟಿಯ ಬಾಯಲ್ಲಿ, ಹುಲಿಕಲ್ಲಿನಲ್ಲಿ, ಮಳೆಗಾಲದ ಸಂಜೆ ಇಬ್ಬನಿ ಕವಿದರೆ ಮುಂದಿನವರ ಕೊಡೆ ಕಾಣುವುದಿಲ್ಲ. ಆಗ ಬಿಳಿ ಬೆಳಕು ಹಾಕಿದರೆ ಎದುರಿಗೆ ಗೋಡೆ ಎದ್ದಂತಾಗುತ್ತದೆ, ಹಳದಿ ಹಾಕಿದರೆ ಹಳದಿ ಗೋಡೆ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು. ಅಂಥ ಹನಿಗಳು ನೀಲಿ, ಹಳದಿ, ಕೆಂಪು ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ.

ವ್ಯತ್ಯಾಸ ಮಾಡುವುದು ಬಣ್ಣವಲ್ಲ, ಬ್ಯಾಟರಿ ಹಿಡಿಯುವ ಎತ್ತರ. ಹಣೆಗೆ ಕಟ್ಟಿದ ಲೈಟು ಕಣ್ಣಿನ ಪಕ್ಕದಲ್ಲೇ ಇರುವುದರಿಂದ ಹನಿಗಳಿಗೆ ಬಡಿದ ಬೆಳಕು ನೇರ ಕಣ್ಣಿಗೇ ವಾಪಸ್ ಬರುತ್ತದೆ. ಬ್ಯಾಟರಿಯನ್ನು ಸೊಂಟಕ್ಕಿಂತ ಕೆಳಗೆ, ಮೊಣಕಾಲಿನ ಹತ್ತಿರ ಹಿಡಿದು ನೆಲಕ್ಕೆ ಓರೆಯಾಗಿ ಬಿಟ್ಟು ನೋಡಿ. ದಾರಿಯ ಕಲ್ಲುಗಳ ನೆರಳು ಉದ್ದವಾಗಿ ಬಿದ್ದು ಉಬ್ಬುತಗ್ಗು ಎದ್ದು ಕಾಣುತ್ತದೆ. ಬೆಳಕನ್ನು ತಗ್ಗಿಸಿದರೆ ಇನ್ನೂ ಒಳ್ಳೆಯದು. ಕೆಳಗೆ ಹಿಡಿದು ನಡೆಯುವ ಈ ಅಭ್ಯಾಸ ಹಿಂದೆ ಲಾಟೀನು ಹಿಡಿದವರಿಗೆ ತಾನಾಗಿಯೇ ಇತ್ತು.

ಹಳದಿಗೆ ಬೇರೆ ಉಪಯೋಗವಿದೆ. ಮೊದಲ ಮಳೆಗೆ ಏಳುವ ರೆಕ್ಕೆಹುಳುಗಳು ನೀಲಿ ಮಿಶ್ರಿತ ಬಿಳಿ ಬೆಳಕಿಗೆ ಮುತ್ತುವಷ್ಟು ಹಳದಿಗೆ ಮುತ್ತುವುದಿಲ್ಲ. ಹಣೆಯ ಲೈಟು ಹಾಕಿಕೊಂಡು ಕೊಟ್ಟಿಗೆಯಲ್ಲಿ ಹಾಲು ಕರೆಯುವವರಿಗೆ ಇದು ದೊಡ್ಡ ಅನುಕೂಲ.

ತಪ್ಪು ಕಲ್ಪನೆ: ವಾಟರ್‌ಪ್ರೂಫ್ ಅಂದಮೇಲೆ ಮಳೆಗೆ ಏನೂ ಆಗುವುದಿಲ್ಲ.

ವಾಸ್ತವ: ಐಪಿಎಕ್ಸ್4 ಎಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಒಳಗೆ ಹೋಗುವುದಿಲ್ಲ. ಎರಡೂ ಪರೀಕ್ಷೆ ಹೊಸ ಬ್ಯಾಟರಿಯ ಮೇಲೆ, ಹೊಸ ರಬ್ಬರ್ ಬಳೆಯ ಮೇಲೆ ಮಾಡಿದ್ದು.

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಆಗುಂಬೆಯಲ್ಲೂ ಬ್ಯಾಟರಿಯನ್ನು ಕೊಲ್ಲುವುದು ಮಳೆಗಿಂತ ಹೆಚ್ಚಾಗಿ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಮರಿಗೆಯೇ ನೀರು ಬಿಡುವ ಊರಿನಲ್ಲಿ, ಸೆಲ್ಲು ಬದಲಿಸಲು ಮುಚ್ಚಳ ತೆಗೆದಾಗೆಲ್ಲ ಒದ್ದೆ ಗಾಳಿ ಒಳಗೆ ಸೇರುತ್ತದೆ. ಚಾರ್ಜಿಂಗ್ ತೂತಿನ ರಬ್ಬರ್ ಬಿರಡೆ ಸರಿಯಾಗಿ ಕೂತಿರುವುದಿಲ್ಲ. ಸ್ಪ್ರಿಂಗ್ ಹಸಿರಾಗುತ್ತದೆ. ಪೆನ್ಸಿಲ್ ಸೆಲ್ಲು ಹಾಕಿ ಮರೆತಿದ್ದರೆ ಅದು ಸೋರಿ ಬಿಳಿ ಪುಡಿ ಕಟ್ಟುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ, ಸುತ್ತುಗಳನ್ನು ಒಣಬಟ್ಟೆಯಲ್ಲಿ ಒರೆಸಿ, ರಬ್ಬರ್ ಬಳೆಗೆ ಚೂರು ಸಿಲಿಕೋನ್ ಗ್ರೀಸು ಸವರಿದರೆ ನಾಲ್ಕು ಮಳೆಗಾಲ ಕಾಣುತ್ತದೆ.

ಒಂದು ತಪ್ಪನ್ನು ಮಾತ್ರ ಯಾರೂ ಮಾಡಬಾರದು. ಒಳಗೆ ನೀರು ಹೋಯಿತೆಂದು ಬ್ಯಾಟರಿಯನ್ನು ಒಲೆಯ ಮೇಲಿನ ಅಟ್ಟಕ್ಕೋ ಅಡಿಕೆ ಬೇಯಿಸುವ ಒಲೆಯ ಬದಿಗೋ ಇಡುವುದು. ಕಂಬಳಿ ಒಣಗಿಸುವ ಜಾಗ ಲಿಥಿಯಂ ಸೆಲ್ಲಿಗೆ ತಕ್ಕದ್ದಲ್ಲ. 60 ಡಿಗ್ರಿ ದಾಟಿದ ಶಾಖ ಅದಕ್ಕೆ ಅಪಾಯ. ಮೊದಲು ಸೆಲ್ಲು ತೆಗೆದು ಬೇರೆ ಇಡಿ. ಉಳಿದ ಮೈಯನ್ನು ಬಿಚ್ಚಿ ಫ್ಯಾನಿನ ಕೆಳಗೆ ಎರಡು ದಿನ ಬಿಡಿ.

ತಪ್ಪು ಕಲ್ಪನೆ: 9,900 ಎಂಎಎಚ್ ಸೆಲ್ಲು ಹಾಕಿದರೆ ವಾರ ಬರುತ್ತದೆ.

ವಾಸ್ತವ: 18650 ಗಾತ್ರದಲ್ಲಿ ಮಾರುಕಟ್ಟೆಯ ಅತ್ಯುತ್ತಮ ಸೆಲ್ಲಿನಲ್ಲೂ ಇರುವುದು 3,500ರ ಆಸುಪಾಸು. ಅದಕ್ಕಿಂತ ತುಂಬಾ ಹೆಚ್ಚು ಬರೆದಿದ್ದರೆ ಆ ಬರಹವೇ ಸುಳ್ಳು. ಅಸಲಿ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ. ಕೈಗೆ ಹಗುರಾಗಿ ಸಿಕ್ಕಿದರೆ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟು ನೋಡಬಹುದು.

ಟೈಪ್-ಸಿ ತೂತಿನ ಬಗ್ಗೆಯೂ ಒಂದು ಮಾತು. ಹೊಸ ಮೊಬೈಲಿನ ಎರಡೂ ತುದಿ ಟೈಪ್-ಸಿ ಇರುವ ತಂತಿ ಹಾಕಿದರೆ ಕೆಲವು ಬ್ಯಾಟರಿ ಚಾರ್ಜೇ ಆಗುವುದಿಲ್ಲ. ಅಂಥವು ಸತ್ತಿಲ್ಲ. ತಯಾರಿಸಿದವರು ಎರಡು ಪುಟ್ಟ ರೆಸಿಸ್ಟರ್ ಹಾಕದೆ ಬಿಟ್ಟಿದ್ದರಿಂದ ಚಾರ್ಜರಿಗೆ ಅಲ್ಲೊಂದು ಉಪಕರಣ ಇದೆ ಎಂದೇ ಗೊತ್ತಾಗುವುದಿಲ್ಲ. ಒಂದು ತುದಿ ಹಳೆಯ ಅಗಲ ಯುಎಸ್‌ಬಿ ಇರುವ ತಂತಿ ಹಾಕಿದರೆ ಚಾರ್ಜಾಗುತ್ತದೆ.

ತಪ್ಪು ಕಲ್ಪನೆ: ಕರೆಂಟು ಹೋದಾಗ ಬ್ಯಾಟರಿಯನ್ನು ಮೇಲ್ಮುಖವಾಗಿ ನಿಲ್ಲಿಸಿದರೆ ಕೋಣೆಯೆಲ್ಲ ಬೆಳಕು.

ವಾಸ್ತವ: ಬಿಳಿ ಬಣ್ಣದ ಆರ್‌ಸಿಸಿ ಮಾಡಿದ್ದರೆ ಹೌದು. ಹೆಂಚಿನ ಮನೆಯಲ್ಲಿ ಹೊಗೆ ಹಿಡಿದ ಜಂತಿ, ಕಪ್ಪು ಹೆಂಚು ಬೆಳಕನ್ನು ನುಂಗಿಬಿಡುತ್ತವೆ. ಸುಣ್ಣದ ಗೋಡೆಗೆ ಎರಡಡಿ ದೂರದಿಂದ ಬಿಡಬೇಕು. ಮೂವತ್ತು ಲ್ಯುಮೆನ್ನಿಗೆ ಊಟ ಬಡಿಸಬಹುದು.

ತಪ್ಪು ಕಲ್ಪನೆ: ಎಲ್ಲ ಒಂದೇ ಕಡೆ ಮಾಡಿದ ಮಾಲು, ಚೀಟಿ ಮಾತ್ರ ಬೇರೆ.

ವಾಸ್ತವ: ಮೈ ಒಂದೇ ಅಚ್ಚಿನದಾಗಿರಬಹುದು, ಹಲವು ಹಾಗೆಯೇ ಇವೆ. ಒಳಗಿನ ಎಲ್‌ಇಡಿ, ಸರ್ಕ್ಯೂಟು, ಸೆಲ್ಲು ಬೇರೆ ಬೇರೆ. ಅದನ್ನು ಬಿಚ್ಚದೆಯೇ ತಿಳಿಯುವ ಒಂದು ಉಪಾಯ ನನಗೆ ಸೂರಿನ ಕೆಳಗೆ ಸಿಕ್ಕಿತು.

ಮಳೆ ಜಡಿಯುತ್ತಿತ್ತು. ಹೆಂಚಿನ ಒಂದೊಂದು ತುದಿಯಿಂದಲೂ ನೀರು ಬೀಳುತ್ತಿತ್ತು. ಎರಡೂ ಬ್ಯಾಟರಿಯನ್ನು ಕಡಿಮೆ ಬೆಳಕಿನ ಮೆಟ್ಟಿಲಿಗೆ ಇಳಿಸಿ ಆ ನೀರಿಗೆ ಹಿಡಿದೆ. ಸಾಗರದ್ದರಲ್ಲಿ ಹನಿ ಬಿದ್ದ ದಾರಿ ಎಳೆದ ನೂಲಿನಂತೆ ಒಂದೇ ಗೆರೆಯಾಗಿ ಕಂಡಿತು. ಜಾತ್ರೆಯದರಲ್ಲಿ ಅದೇ ನೀರು ಪೋಣಿಸಿದ ಮಣಿಗಳ ಹಾಗೆ ತುಂಡುತುಂಡಾಗಿ ಕಂಡಿತು. ಬೆಳಕನ್ನು ನಿಜವಾಗಿ ತಗ್ಗಿಸುವ ಬದಲು ಅಗ್ಗದ ಸರ್ಕ್ಯೂಟು ಎಲ್‌ಇಡಿಯನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತದೆ. ಸುಮ್ಮನೆ ನೋಡಿದರೆ ಕಣ್ಣಿಗೆ ತಿಳಿಯುವುದಿಲ್ಲ, ಬೀಳುವ ನೀರು ತೋರಿಸಿಕೊಡುತ್ತದೆ. ಅಂಥ ಬೆಳಕಿನಲ್ಲಿ ಗಂಟೆಗಟ್ಟಲೆ ಅಡಿಕೆ ಸುಲಿದರೆ ಕೆಲವರಿಗೆ ಕಣ್ಣು ದಣಿದು ತಲೆನೋವು ಬರುತ್ತದೆ. ಮಳೆ ಇಲ್ಲದಾಗ ನಲ್ಲಿಯನ್ನು ಸಣ್ಣಗೆ ಬಿಟ್ಟು ನೋಡಿದರೂ ಆಗುತ್ತದೆ.

ತಪ್ಪು ಕಲ್ಪನೆ: ಮೊಬೈಲಿನ ಲೈಟು ಇದ್ದಮೇಲೆ ಬ್ಯಾಟರಿ ಯಾಕೆ?

ವಾಸ್ತವ: ಬೀಗದ ತೂತು ಹುಡುಕಲು ಸಾಕು. ದಾರಿಗೆ ಸಾಲದು: ಅದಕ್ಕೆ ಬೆಳಕನ್ನು ಮುಂದಕ್ಕೆ ಕಳಿಸುವ ಪ್ರತಿಫಲಕವೇ ಇಲ್ಲ. ಕಾಲು ಜಾರಿ ಬಿದ್ದಾಗ ಯಾರನ್ನಾದರೂ ಕರೆಯಬೇಕಾದ ಮೊಬೈಲೇ ಕೈಯಿಂದ ಹಳ್ಳಕ್ಕೆ ಹೋದರೆ ಉಳಿಯುವುದು ಏನೂ ಇಲ್ಲ.

ತಪ್ಪು ಕಲ್ಪನೆ: ಬೆಳಕು ಕಂಡರೆ ಹಾವು ಸರಿದು ಹೋಗುತ್ತದೆ.

ವಾಸ್ತವ: ಇದನ್ನು ನಂಬಿ ನಡೆಯುವವರ ಬಗ್ಗೆ ನನಗೆ ನಿಜವಾಗಿ ಭಯ. ಆಗುಂಬೆ ಎಂದ ಕೂಡಲೇ ಎಲ್ಲರ ನೆನಪಿಗೆ ಬರುವುದು ಕಾಳಿಂಗ. 2005ರಲ್ಲಿ ಉರಗತಜ್ಞ ರಾಮ್ಯುಲಸ್ ವಿಟೇಕರ್ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದೂ ಅದರ ಸೆಳೆತದಿಂದ. ಆದರೆ ಕಾಳಿಂಗ ಮುಖ್ಯವಾಗಿ ಹಗಲಿನ ಹಾವು. ರಾತ್ರಿ ದಾರಿಯಲ್ಲಿ ಸಿಗುವುದು ಕಟ್ಟುಹಾವು, ಕೊಳಕುಮಂಡಲ, ಗುಳಿಮಂಡಲಗಳು. ಮಂಡಲದ ಜಾತಿಯವು ಬೆಳಕಿಗೆ ಓಡುವುದಿಲ್ಲ, ಹೆಜ್ಜೆ ಸಪ್ಪಳಕ್ಕೂ ಓಡುವುದಿಲ್ಲ. ತಮ್ಮ ಮೈಬಣ್ಣವನ್ನೇ ನಂಬಿ ಬಿದ್ದಲ್ಲಿಯೇ ಬಿದ್ದಿರುತ್ತವೆ. ಹಾವು ಸರಿದುಹೋಗಲಿ ಎಂದು ಬೆಳಕು ಬಿಡುವುದಲ್ಲ, ನಾವು ನೋಡಿ ಸರಿಯಲಿಕ್ಕೆ.

ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಆಸ್ಪತ್ರೆಯಲ್ಲಿ ಕೊಡುವ ಹಾವಿನ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ ತಯಾರಾದದ್ದು. ಮಲೆನಾಡಿನ ಗುಳಿಮಂಡಲಗಳ ವಿಷಕ್ಕೆ ಅದು ನಾಟುವುದಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಯಾವ ಹಾವು ಕಚ್ಚಿದರೂ ಆಸ್ಪತ್ರೆಗೇ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ.

ಹಾವು ನಮ್ಮ ಕಣ್ಣಿಗೆ ಕಾಣಬೇಕು ಎಂದಾಗ ಬೆಳಕಿನ ಬಣ್ಣ ಮುಖ್ಯವಾಗುತ್ತದೆ. ನೀಲಿ ಛಾಯೆಯ ಅಗ್ಗದ ಎಲ್‌ಇಡಿಯಲ್ಲಿ ಕೆಂಪು, ಕಂದು ಬಣ್ಣಗಳು ಸತ್ತು ಎಲ್ಲ ಬೂದಿಯಾಗುತ್ತವೆ. ಬಣ್ಣವನ್ನು ಚೆನ್ನಾಗಿ ತೋರಿಸುವ ಎಲ್‌ಇಡಿಗಳ ಡಬ್ಬಿಯ ಮೇಲೆ ‘ಸಿಆರ್‌ಐ 90’ ಎಂದಿರುತ್ತದೆ. ಲ್ಯುಮೆನ್ ಸ್ವಲ್ಪ ಕಡಿಮೆ, ಬೆಳಕು ಸ್ವಲ್ಪ ಹಳದಿ. ಸಾಗರದ ಬ್ಯಾಟರಿ ಅಂಥದ್ದು.

ಶ್ರಾವಣದಲ್ಲಿ ತೀರ್ಥಹಳ್ಳಿ ಕಡೆಯ ನೆಂಟರ ಮನೆಗೆ ಹೋಗಿದ್ದೆವು. ಊಟವಾದ ಮೇಲೆ ಭಾವನೂ ನಾನೂ ಕೆಳಗಿನ ತೋಟದ ಮೋಟರ್ ನೋಡಿ ಬರಲು ಹೊರಟೆವು. ಭಾವ ಮುಂದೆ, ಅವರ ಕೈಯಲ್ಲಿ ಜಾತ್ರೆಯ ಬ್ಯಾಟರಿ. ಹಿಂದಿನಿಂದ ನಾನು ಬಿಟ್ಟ ಬೆಳಕು ಅವರ ಕಾಲಿನ ಪಕ್ಕಕ್ಕೆ ಬಿತ್ತು.

“ಭಾವ, ನಿಲ್ಲಿ. ಕಾಲು ಇಡಬೇಡಿ.”

“ಎಂಥದು ಮಾರಾಯ? ತರಗೆಲೆ ಅಲ್ವಾ?”

ಅವರ ಬೆಳಕಿನಲ್ಲಿ ಅದು ತರಗೆಲೆಯೇ ಆಗಿತ್ತು, ಸುತ್ತಲಿನ ಎಲೆಗಳ ಹಾಗೇ ಬೂದು. ನನ್ನ ಬೆಳಕನ್ನು ಇನ್ನಷ್ಟು ಕೆಳಗೆ ಹಿಡಿದೆ. ಎಲೆಗಳ ನಡುವೆ ಕಂದು ಮೈ, ಅದರ ಮೇಲೆ ಗಾಢ ಪಟ್ಟೆ, ತ್ರಿಕೋನದ ತಲೆ ಮೂಡಿ ಬಂದವು. ಗೇಣುದ್ದ ದಾಟಿದ ಗುಳಿಮಂಡಲ. ಎರಡು ಬ್ಯಾಟರಿಯ ಬೆಳಕು ಮೈಮೇಲೆ ಬಿದ್ದಿದ್ದರೂ ಅದು ಅಲ್ಲಾಡಲಿಲ್ಲ. ಭಾವ ಎತ್ತಿದ ಕಾಲನ್ನು ಮೆಲ್ಲಗೆ ಹಿಂದಕ್ಕೆ ಇಟ್ಟರು. ನಾವು ನಾಲ್ಕು ಹೆಜ್ಜೆ ಹಿಂದೆ ಸರಿದು ದರೆಯ ಮೇಲಿನ ದಾರಿ ಹಿಡಿದು ತೋಟಕ್ಕೆ ಇಳಿದೆವು. ವಾಪಸ್ ಬರುವಾಗ ನೋಡಿದರೆ ಅದು ಅಲ್ಲೇ ಇತ್ತು.